ಬೆಳಗಿನ ತಿಂಡಿ, ಟೀ, ಕಾಫಿ: ನಮ್ಮ ಮೆಸ್ಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಿಂದ ಕ್ಯಾತ್ಸಂದ್ರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮೇಲಿನ ಎರಡು ಮಹಡಿಯಲ್ಲಿ ಓದುವ ಹುಡುಗರು ಬಾಡಿಗೆಗಿದ್ದಾರೆ. ಕೆಳಗೆ ನಾವು, ನಮ್ಮ ಜೊತೆಗೇ ಮೆಸ್ಸು. ಇಪ್ಪತ್ತೆರಡು ಜನಕ್ಕೆ ಬೆಳಿಗ್ಗೆ ತಿಂಡಿ, ರಾತ್ರಿ ಊಟ. ಹುಬ್ಬಳ್ಳಿ, ಕಲಬುರಗಿಯವರಿದ್ದಾರೆ, ಕೇರಳ, ಬಿಹಾರದವರಿದ್ದಾರೆ, ಒಬ್ಬ ಅಸ್ಸಾಮಿನವನು, ಒಬ್ಬ ಕಾಶ್ಮೀರದವನು. ಪ್ರತಿ ವರ್ಷ ಕಾಲೇಜು ಶುರುವಾದಾಗ ಹೊಸ ಮುಖಗಳು ಬರುತ್ತವೆ, ಪ್ರಶ್ನೆಗಳು ಮಾತ್ರ ಹಳೆಯವೇ. ಹುಡುಗರು ಕೇಳುತ್ತಾರೆ, ಅವರ ಅಪ್ಪ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ನಮ್ಮ ನೆಂಟರೂ ಬಿಡುವುದಿಲ್ಲ, "ಅವರೆಲ್ಲ ಬೆಳಿಗ್ಗೆ ಏನು ತಿಂತಾರೆ?" ಅಂತ ಅವರದೊಂದು. ಹೇಳಿದ್ದೇ ಹೇಳಿ ಬಾಯಿ ನೋವು ಬಂತು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ತಿಂಡಿ ಎಷ್ಟು ಹೊತ್ತಿಗೆ?

ಟೀ, ಕಾಫಿ ಆರೂವರೆಗೆ. ತಿಂಡಿ ಏಳೂವರೆಯಿಂದ ಒಂಬತ್ತರವರೆಗೆ. ಒಂಬತ್ತೂ ಕಾಲಿಗೆ ಬಂದು "ಆಂಟಿ, ದೋಸೆ?" ಅಂದರೆ ಅಷ್ಟೊತ್ತಿಗೆ ಕಾವಲಿ ತೊಳೆದಾಗಿರುತ್ತದೆ. ಇಲ್ಲ ಅಂತಲೇ ಹೇಳುತ್ತೇನೆ. ಆಮೇಲೆ ಹುಯ್ದು ಕೊಡುತ್ತೇನೆ, ಅದು ಬೇರೆ ಮಾತು.

ಬೆಳ್ಳಂಬೆಳಿಗ್ಗೆ ಅನ್ನ ತಿನ್ನುವುದಾ?

ಇದು ಬಿಹಾರದ ತಾಯಂದಿರು ಖಂಡಿತ ಕೇಳುವ ಪ್ರಶ್ನೆ. ಮಗ ಫೋಟೋ ಕಳಿಸಿರುತ್ತಾನೆ. ತಟ್ಟೆಯಲ್ಲಿ ಹಳದಿ ಅನ್ನ, ಮೇಲೆ ಕಡಲೆಕಾಯಿ ಬೀಜ. "ಇದು ತಿಂಡಿನಾ ಊಟಾನಾ?" ಅಂತ ಅವರಿಗೆ ಗಾಬರಿ.

ನಮ್ಮ ಕಡೆ ಇದು ತಿಂಡಿ. ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತ್, ಮೂರೂ ತಿಂಡಿಯೇ. ಅದೇ ಅಕ್ಕಿಗೆ ಮಧ್ಯಾಹ್ನ ಸಾರು ಹಾಕಿದರೆ ಊಟ. ಲೆಕ್ಕ ಅಷ್ಟು ಸುಲಭ. ಚಿತ್ರಾನ್ನ ಹುಟ್ಟಿದ್ದು ಬಡತನದಲ್ಲೋ ಜಾಣತನದಲ್ಲೋ ಗೊತ್ತಿಲ್ಲ, ಆದರೆ ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ಹೊಸ ಅಡುಗೆಯ ಹಾಗೇ ಇರುತ್ತದೆ. ನಮ್ಮ ಮೆಸ್ಸಿನಲ್ಲಿ ಮಾತ್ರ ಬೆಳಿಗ್ಗೆ ಎದ್ದು ಹೊಸದಾಗಿ ಅನ್ನ ಮಾಡುತ್ತೇವೆ, ಅಮ್ಮಂದಿರು ನೆಮ್ಮದಿಯಾಗಿರಿ.

ಬೆಳಿಗ್ಗೆ ಅನ್ನ ತಿನ್ನುವವರು ನಾವಷ್ಟೇ ಅಂದುಕೊಂಡರೆ ತಪ್ಪು. ಜಪಾನಿನ ಹಳೇ ಪದ್ಧತಿಯ ಮನೆಗಳಲ್ಲಿ ಬೆಳಿಗ್ಗೆ ಬಿಸಿ ಅನ್ನ, ಸೋಯಾ ಹುಳಿಹಿಟ್ಟಿನ ಮಿಸೊ ಸಾರು, ಸುಟ್ಟ ಮೀನು, ಉಪ್ಪಿನಕಾಯಿ. ಚೀನಾದಲ್ಲಿ ಅಕ್ಕಿಗಂಜಿ, ಜೊತೆಗೆ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿ. ವಿಯೆಟ್ನಾಮಿನವರು ಬೆಳಿಗ್ಗೆ ಬೀದಿ ಬದಿಯಲ್ಲಿ ಕೂತು ಅಕ್ಕಿ ಶ್ಯಾವಿಗೆಯ ಫೋ ಸಾರು ಹೀರುತ್ತಾರೆ. ಈಜಿಪ್ಟಿನಲ್ಲಿ ಫೂಲ್ ಅಂತ, ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೆಂದ ಅವರೆ ಜಾತಿಯ ಕಾಳು, ಮೇಲೆ ಎಣ್ಣೆ, ನಿಂಬೆ, ಜೀರಿಗೆ. ಅದನ್ನು ಕೇಳಿದಾಗ ನನಗೆ ನಮ್ಮ ಸಂಕ್ರಾಂತಿ ಹೊತ್ತಿನ ಹಿದುಕಿದ ಬೇಳೆ ನೆನಪಾಯಿತು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ನಾನು ಹೇಳಬೇಕಾಗಿಲ್ಲ.

ಸಿಹಿ ಬ್ರೆಡ್ಡು, ಜಾಮು, ಹಾಲಲ್ಲಿ ನೆನೆಸಿದ ಕಾರ್ನ್‌ಫ್ಲೇಕ್ಸು ಮಾತ್ರ ನಿಜವಾದ ಬೆಳಗಿನ ತಿಂಡಿ ಅಂತ ಯಾರೋ ನಮ್ಮ ತಲೆಗೆ ತುಂಬಿದ್ದಾರೆ. ಜಗತ್ತಿನಲ್ಲಿ ಬೆಳಿಗ್ಗೆ ಬಿಸಿಯಾದದ್ದು, ಉಪ್ಪು ಖಾರದ್ದು ತಿನ್ನುವ ಜನ ಬೇಕಾದಷ್ಟಿದ್ದಾರೆ.

ತಟ್ಟೆ ಇಡ್ಲಿ ಅಂದರೆ ದೊಡ್ಡ ಇಡ್ಲಿ ಅಷ್ಟೇನಾ?

ಈ ಪ್ರಶ್ನೆ ಕ್ಯಾತ್ಸಂದ್ರದಲ್ಲಿ ನಿಂತು ಕೇಳಬೇಡಿ.

ಬಿಡದಿಯವರೂ ತಟ್ಟೆ ಇಡ್ಲಿ ತಮ್ಮದು ಅನ್ನುತ್ತಾರೆ. ಅವರದು ಅವರಿಗೆ. ಸಿದ್ಧಗಂಗಾ ಮಠಕ್ಕೆ ಬಂದವರು, ಬೆಂಗಳೂರು ದಾರಿಯಲ್ಲಿ ಹೋಗುವವರು ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸುವುದೇ ಇದಕ್ಕೆ. ಸಾಮಾನ್ಯ ಇಡ್ಲಿಯ ಹಿಟ್ಟನ್ನೇ ದೊಡ್ಡ ತಟ್ಟೆಗೆ ಹುಯ್ದರೆ ನಡು ಗಟ್ಟಿಯಾಗಿ ಅಂಚು ಒಣಗುತ್ತದೆ. ಹಿಟ್ಟೇ ಬೇರೆ ಹದ. ನಾನು ಹಾಕುವ ಅಳತೆ ಹೇಳುತ್ತೇನೆ: ನಾಲ್ಕು ಪಾವು ಇಡ್ಲಿ ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಅರ್ಧ ಪಾವು ಸಬ್ಬಕ್ಕಿ, ಅರ್ಧ ಪಾವು ಗಟ್ಟಿ ಅವಲಕ್ಕಿ. ಸಬ್ಬಕ್ಕಿಯಿಂದಲೇ ಆ ಮೆತ್ತಗಿನ ಗುಣ. ಅಗಲದ ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಸ್ಟ್ಯಾಂಡಿಗೆ ಸಿಗಿಸಿ ಹಬೆಯಲ್ಲಿ ಇಡಬೇಕು. ಬೆಂದ ಮೇಲೆ ತಟ್ಟೆಯನ್ನು ಎರಡು ನಿಮಿಷ ಆರಲು ಬಿಡಿ, ಇಲ್ಲದಿದ್ದರೆ ಅಂಟುತ್ತದೆ. ಮೇಲೊಂದು ಉಂಡೆ ಬೆಣ್ಣೆ. ಅದು ಕರಗಿ ಚಟ್ನಿ ಕಡೆ ಇಳಿಯುವ ಹೊತ್ತಿಗೆ ಬಾಯಿಗೆ ಹೋಗಿರಬೇಕು.

ಡಿಸೆಂಬರಿನಲ್ಲಿ ಹಿಟ್ಟು ಹುದುಗುವುದಿಲ್ಲ, ಇದು ನಮ್ಮ ಊರಿನ ಗೋಳು. ಮೆಸ್ಸು ಶುರುಮಾಡಿದ ಮೊದಲ ವರ್ಷ ಒಂದು ಸೋಮವಾರ ಹಿಟ್ಟು ಒಂದಂಗುಲವೂ ಏಳಲಿಲ್ಲ. ಅದನ್ನೇ ಬೇಯಿಸಿ ಬಡಿಸಿದೆ. ಹುಡುಗರು ಒಂದು ಮಾತೂ ಆಡದೆ ತಿಂದರು, ಅದೇ ನನಗೆ ಹೆಚ್ಚು ಅವಮಾನ ಆಗಿದ್ದು. ಈಗ ಚಳಿಗಾಲದಲ್ಲಿ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆ ಪಕ್ಕದ ಮೂಲೆಯಲ್ಲಿ ಇಡುತ್ತೇನೆ. ಉಪ್ಪನ್ನು ಬೆಳಿಗ್ಗೆ ಹಾಕುತ್ತೇನೆ.

ಇಡ್ಲಿ ಎಷ್ಟು ಹಳೆಯದು ಅಂತ ಕೇಳುವವರಿಗೆ: ಸುಮಾರು 920ರ ಹೊತ್ತಿನ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಅನ್ನುವ ಹೆಸರಿದೆ. ಆದರೆ ಹಳೇ ಕಾಲದ ಇಡ್ಡಲಿಗೆಯಲ್ಲಿ ಅಕ್ಕಿ ಇರಲಿಲ್ಲ, ಬರೀ ಉದ್ದು ಅಂತ ತಿಳಿದವರು ಹೇಳುತ್ತಾರೆ. ಹೆಸರು ಹಳೆಯದು, ನಾವು ತಿನ್ನುವ ಮೆತ್ತನೆಯ ಇಡ್ಲಿ ಆಮೇಲಿನದು.

ಉಪ್ಪಿಟ್ಟು ತೆಗೆದುಹಾಕಬಹುದಾ?

ಆಗುವುದಿಲ್ಲ. ಕನ್ನಡದ ಹುಡುಗರು ಅದಕ್ಕೆ ಕಾಂಕ್ರೀಟ್ ಅಂತ ಹೆಸರಿಟ್ಟಿದ್ದಾರೆ, ಹೊರಗಿನ ಹುಡುಗರಿಗೆ ಅವರು ಮೊದಲು ಕಲಿಸುವ ಮಾತೂ ಅದೇ. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಹಾಕಿದರೆ, ರವೆ ಘಮ್ ಅನ್ನುವ ತನಕ ಹುರಿದರೆ ಕಾಂಕ್ರೀಟ್ ಆಗುವುದಿಲ್ಲ. ಸ್ಕಾಟ್ಲೆಂಡಿನವರು ಓಟ್ಸಿಗೆ ಬರೀ ನೀರು, ಉಪ್ಪು ಹಾಕಿ ಕುದಿಸಿ ತಿನ್ನುತ್ತಿದ್ದರಂತೆ. ಅಮೆರಿಕದ ದಕ್ಷಿಣದಲ್ಲಿ ಮೆಕ್ಕೆಜೋಳದ ರವೆಯ ಗ್ರಿಟ್ಸ್ ಇದೆ. ಎಲ್ಲರ ಮನೆಯಲ್ಲೂ ಒಂದು ಉಪ್ಪಿಟ್ಟು ಇದ್ದೇ ಇರುತ್ತದೆ. ನಮ್ಮದರಲ್ಲಿ ಕರಿಬೇವು, ಹಸಿಮೆಣಸಿನಕಾಯಿ ಆದರೂ ಇದೆಯಪ್ಪ. ಬುಧವಾರ ಉಪ್ಪಿಟ್ಟೇ.

ರಾಗಿ ಊರಲ್ಲಿ ಬೆಳಿಗ್ಗೆ ಮುದ್ದೆ ಯಾಕೆ ಮಾಡಲ್ಲ?

ಮೊದಲು ಮಾಡುತ್ತಿದ್ದರು. ನಮ್ಮತ್ತೆ ಸಿರಾ ಕಡೆಯ ಹಳ್ಳಿಯವರು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ 'ತಿಂಡಿ' ಅನ್ನುವುದೇ ಇರಲಿಲ್ಲವಂತೆ. ತಿಂಡಿ ಅಂದರೆ ಹಬ್ಬಕ್ಕೋ ನೆಂಟರು ಬಂದಾಗಲೋ ಮಾಡುವ ಚಕ್ಕುಲಿ, ಕಜ್ಜಾಯ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಒಂದು ಚೆಂಬು ಅಂಬಲಿ. ಹೊತ್ತೇರಿದ ಮೇಲೆ, ಒಂಬತ್ತೂವರೆ ಹತ್ತಕ್ಕೆ, ಹೊಲದ ಬದುವಿನಲ್ಲೇ ಮುದ್ದೆ, ಹುರುಳಿ ಸಾರು. ರಾತ್ರಿ ಉಳಿದದ್ದಿದ್ದರೆ ತಂಗಳು, ಮಜ್ಜಿಗೆ, ಈರುಳ್ಳಿ.

ಅಂದರೆ ಏಳೂವರೆಗೆ ತಟ್ಟೆ ಹಿಡಿದು ಸಾಲಾಗಿ ನಿಲ್ಲುವ ಈ ತಿಂಡಿ, ಬಸ್ಸು, ಸ್ಕೂಲು, ಆಫೀಸಿನ ಗಂಟೆ ಬಂದ ಮೇಲೆ ಬಂದದ್ದು. ನೇಗಿಲು ಹಿಡಿದವನಿಗೆ ಒಂದು ಹೊತ್ತು, ಹಾಜರಿ ಪುಸ್ತಕಕ್ಕೆ ಸಹಿ ಹಾಕುವವನಿಗೆ ಇನ್ನೊಂದು ಹೊತ್ತು. ಯಾವ ಊರಿನ ಬೆಳಗಿನ ತಿಂಡಿ ನೋಡಿದರೂ ನನಗೆ ಕಾಣುವುದು ಇದೇ: ಕೆಲಸ ಎಷ್ಟು ಹೊತ್ತಿಗೆ ಶುರು, ರಾತ್ರಿ ಏನು ಉಳಿದಿತ್ತು.

ಇನ್ನೊಂದು ವಿಷಯ. ರಾಗಿ ನಮ್ಮದೇ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ ಅಲ್ವಾ? ಅದರ ತವರು ಆಫ್ರಿಕಾದ ಪೂರ್ವದ ಎತ್ತರದ ಸೀಮೆ, ಇಥಿಯೋಪಿಯಾ, ಉಗಾಂಡ ಕಡೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ಕೀನ್ಯಾದಲ್ಲಿ ಇವತ್ತಿಗೂ ಬೆಳಿಗ್ಗೆ ಉಜಿ ಅನ್ನುವ ತೆಳು ಗಂಜಿ ಕುಡಿಯುತ್ತಾರೆ, ರಾಗಿ ಹಿಟ್ಟಿನದೂ ಇರುತ್ತದೆ. ಕೆಲವರು ಹಿಟ್ಟನ್ನು ಹುಳಿ ಬರಿಸಿ ಮಾಡುತ್ತಾರೆ. ನಮ್ಮ ಅಂಬಲಿಯೂ ಅದೇ ದಾರಿ. ಅತ್ತೆಗೆ ಇದನ್ನು ಹೇಳಿದಾಗ, "ಹಂಗಾದ್ರೆ ಅವ್ರು ನಮ್ಮೋರೇ ಬಿಡು" ಅಂದರು.

ಮೆಸ್ಸಿನಲ್ಲಿ ಮುದ್ದೆ ರಾತ್ರಿ ಮಾತ್ರ. ಬೇಸಿಗೆಯಲ್ಲಿ ಅಂಬಲಿ ಮಾಡಿಟ್ಟಿರುತ್ತೇನೆ, ಬೇಕಾದವರು ಬೆಳಿಗ್ಗೆ ಕುಡಿಯಬಹುದು. ಹೊಸಬರಿಗೆ ಒಂದು ಮಾತು: ಮುದ್ದೆ ಅಗಿಯಬೇಡಿ, ಸಾರಲ್ಲಿ ಅದ್ದಿ ನುಂಗಿ.

ಟೀನಾ, ಕಾಫಿನಾ?

ಎರಡೂ ಇದೆ. ಹೇಳಿದ್ದು ಮಾತ್ರ ಕೊಡುತ್ತೇನೆ, ಆಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ.

ಹಳೇ ಮೈಸೂರಿನ ಕಡೆ ಮನೆಯೊಳಗೆ ಕಾಫಿ, ಬೀದಿಯಲ್ಲಿ ಟೀ. ಕಾಫಿ ಬೀಜ ಬಾಬಾಬುಡನ್ ಅನ್ನುವ ಸಂತರು ಯೆಮನ್ ಕಡೆಯಿಂದ ಏಳೇ ಏಳು ಬೀಜ ಬಚ್ಚಿಟ್ಟುಕೊಂಡು ತಂದರು ಅನ್ನುವ ಕತೆ ಎಲ್ಲರಿಗೂ ಗೊತ್ತು. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ನಮ್ಮ ರಾಜ್ಯದ್ದೇ. ಹಾಗಿದ್ದೂ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜು ಗೇಟಿನ ಹತ್ತಿರ, ಗ್ಯಾರೇಜಿನ ಮುಂದೆ ಜನ ನಿಂತು ಕುಡಿಯುವುದು ಟೀ. ಟೀ ಅಗ್ಗ, ಬೇಗ ಆಗುತ್ತದೆ. ಡಿಕಾಕ್ಷನ್ ಇಳಿಯುವ ತನಕ ಕಾಯುವ ಗೋಜಿಲ್ಲ.

ಟರ್ಕಿಯವರದು ಇನ್ನೂ ಮಜಾ. ಅವರ ಭಾಷೆಯಲ್ಲಿ ಬೆಳಗಿನ ತಿಂಡಿಗೆ 'ಕಹ್ವಾಲ್ಟಿ' ಅನ್ನುತ್ತಾರೆ, ಅಂದರೆ ಕಾಫಿಗೆ ಮುಂಚಿನದು. ಹೆಸರಿನಲ್ಲಿ ಕಾಫಿ ಇದೆ, ಟೇಬಲ್ ಮೇಲೆ ಪೂರ್ತಿ ಟೀ. ಯೆಮನ್ ಕೈತಪ್ಪಿದ ಮೇಲೆ ಅವರಿಗೆ ಕಾಫಿ ದುಬಾರಿಯಾಯಿತು. ಕಪ್ಪು ಸಮುದ್ರದ ದಂಡೆಯ ರಿಝೆ ಸೀಮೆಯಲ್ಲಿ ಟೀ ಬೆಳೆಯಲು ಶುರುಮಾಡಿದರು, 1947ರಲ್ಲಿ ಅಲ್ಲಿ ಮೊದಲ ಟೀ ಕಾರ್ಖಾನೆ ಬಂತು. ಈಗ ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಟೀ ಕುಡಿಯುವವರ ಸಾಲಿನಲ್ಲಿ ಅವರಿದ್ದಾರೆ.

'ಬೈಟು' ಅಂದರೇನು?

ಒಂದನ್ನು ಇಬ್ಬರು ಹಂಚಿಕೊಳ್ಳುವುದು. ಮೂರು ಜನ ಇದ್ದರೆ ಎರಡರಲ್ಲಿ ಮೂರು ಅನ್ನಿ, ಅಂಗಡಿಯವರಿಗೆ ಅರ್ಥವಾಗುತ್ತದೆ. ನಮ್ಮ ಮೆಸ್ಸಿನಲ್ಲಿ ಬೈಟು ಇಲ್ಲ.

ಟೀ, ಚಹಾ, ಚಾಯ್, ಯಾವುದು ಸರಿ?

ಹುಬ್ಬಳ್ಳಿ ಹುಡುಗ "ಚಾ ಆತೇನ್ರೀ?" ಅನ್ನುತ್ತಾನೆ. ಕೇರಳದವನು ಚಾಯ, ಅಸ್ಸಾಮಿನವನ ಬಾಯಲ್ಲಿ ಅದು 'ಸಾಹ್'. ನಾವು ಟೀ. ಎಲ್ಲವೂ ಚೀನಾದಿಂದಲೇ ಬಂದದ್ದು, ಬಂದ ದಾರಿ ಬೇರೆ.

ಚೀನಾದ ಬಹುಪಾಲು ಕಡೆ ಅದಕ್ಕೆ 'ಚಾ' ಅನ್ನುತ್ತಾರೆ. ಫುಜಿಯಾನ್ ಕರಾವಳಿಯ ಮಾತಿನಲ್ಲಿ ಮಾತ್ರ ಅದು 'ತೆ'. ಡಚ್ ಹಡಗಿನವರು ಆ ಕರಾವಳಿಯವರ ಜೊತೆ ವ್ಯಾಪಾರ ಮಾಡಿ ಆ ಮಾತನ್ನು ಯುರೋಪಿಗೆ ಒಯ್ದರು. ಇಂಗ್ಲಿಷರ ಟೀ ಹಾಗೆ ಬಂತು. ನೆಲದ ದಾರಿಯಲ್ಲಿ ಪರ್ಷಿಯಾ ದಾಟಿ ಹೋದದ್ದು ಚಾಯ್ ಆಯಿತು. ಪೋರ್ಚುಗೀಸರು ಮಾತ್ರ ಸಮುದ್ರದ ಮೇಲೇ ಹೋದರೂ ಮಕಾವ್ ಕಡೆಯಿಂದ 'ಶಾ' ಅಂತಲೇ ಒಯ್ದರು. ನಮ್ಮ ರಾಜ್ಯದೊಳಗೇ ನೋಡಿ: ಮರಾಠಿ ನೆರಳು ಬಿದ್ದ ಕಡೆ ಚಹಾ, ಇಂಗ್ಲಿಷ್ ನೆರಳು ಬಿದ್ದ ಕಡೆ ಟೀ. ಬಸ್ಸಿನಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಮಾತು ಬದಲಾಗಿರುತ್ತದೆ. ತಿಂಡಿಯೂ ಅಷ್ಟೇ, ಅಲ್ಲಿ ಅದು ನಾಷ್ಟಾ.

ಟೀಗೆ ಉಪ್ಪು ಹಾಕುತ್ತಾರೆ ಅನ್ನುವುದು ನಿಜವಾ?

ನಿಜ. ನನ್ನ ಅಡುಗೆಮನೆಯಲ್ಲೇ ನೋಡಿದ್ದೇನೆ.

ಕಾಶ್ಮೀರದ ಹುಡುಗ ಬಂದ ಎರಡನೇ ತಿಂಗಳಿಗೆ ಸಪ್ಪಗಾದ. ಏನಪ್ಪ ಅಂದರೆ, "ಆಂಟಿ, ನೂನ್ ಚಾಯ್" ಅಂದ. ಕಾಶ್ಮೀರಿ ಮಾತಿನಲ್ಲಿ ನೂನ್ ಅಂದರೆ ಉಪ್ಪು. ಊರಿಂದ ತಂದ ಎಲೆ ಅವನ ಬ್ಯಾಗಿನಲ್ಲೇ ಇತ್ತು. ಭಾನುವಾರ ಒಲೆ ಬಿಟ್ಟುಕೊಟ್ಟೆ. ಹಸಿರು ಎಲೆಯನ್ನು ನೀರಿಗೆ ಹಾಕಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕುದಿಸಲು ಇಟ್ಟ. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ನಾನು ಗ್ಯಾಸಿನ ಲೆಕ್ಕ ಹಾಕುತ್ತಾ ನಿಂತಿದ್ದೆ. ಮುಕ್ಕಾಲು ಗಂಟೆ ಆದ ಮೇಲೆ ನೀರು ಕೆಂಪು ಮಣ್ಣಿನ ಕೆರೆ ನೀರಿನ ಹಾಗಾಯಿತು. ಆಗ ತಣ್ಣೀರು ಸುರಿದು, ಸೌಟಿನಲ್ಲಿ ಮೊಗೆದು ಮೇಲಿಂದ ಮೇಲೆ ಹುಯ್ಯತೊಡಗಿದ. ಬಣ್ಣ ದಟ್ಟವಾಗುತ್ತಾ ಹೋಯಿತು. ಕೊನೆಗೆ ಹಾಲು, ಉಪ್ಪು. ಹಾಲು ಬಿದ್ದ ಕೂಡಲೇ ಪಾತ್ರೆ ತುಂಬ ಗುಲಾಬಿ!

ಅತ್ತೆ ಇಣುಕಿ ನೋಡಿ, "ಬೀಟ್ರೂಟ್ ಹಾಕಿದ್ಯೇನೋ ಮಗ?" ಅಂದರು. ಇಲ್ಲ, ಬರೀ ಎಲೆ, ಸೋಡಾ, ಗಾಳಿ ಸೇರಿ ಆ ಬಣ್ಣ ಅಂತ ಅವನು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದ. ಅತ್ತೆ ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಾರಿಗೆ ಹಾಲು ಹುಯ್ದಂಗಿದೆ. ಎರಡು ಕಾಳು ಮೆಣಸು ಕುಟ್ಟಿ ಹಾಕಿದ್ರೆ ಚೆನ್ನಾಗಿರೋದು" ಅಂದರು. ಅಲ್ಲೇ ಕೂತಿದ್ದ ಕಲಬುರಗಿ ಹುಡುಗ, "ಅಜ್ಜಿ, ನೀವು ಮಜ್ಜಿಗಿಗೆ ಉಪ್ಪು ಹಾಕ್ತೀರಿ, ಅದನ್ನ ನೋಡಿದ್ರ ನಾವೇನ್ ನಕ್ಕೀವೇನು?" ಅಂದ. ಅತ್ತೆ ಲೋಟ ಖಾಲಿ ಮಾಡಿದರು.

ಅವರ ಊರಲ್ಲಿ ಇದರ ಜೊತೆ ಬೆಳಿಗ್ಗೆ ಬೀದಿಯ ಕಾಂದೂರನ ಅಂಗಡಿಯಿಂದ, ಅಂದರೆ ರೊಟ್ಟಿ ಸುಡುವವನ ಅಂಗಡಿಯಿಂದ, ಬಿಸಿ ಗಿರ್ದಾ ತರುತ್ತಾರೆ. ತಂದೂರಿನ ರೊಟ್ಟಿ ಅದು. ನಮ್ಮಲ್ಲಿ ಬೇಕರಿ ಬನ್ನಿನಲ್ಲಿ ಅವನು ಸುಧಾರಿಸಿಕೊಂಡ. ಕೇಸರಿ, ಬಾದಾಮಿ ಹಾಕುವ ಕಹ್ವಾ ಬೇರೆ. ಅದು ಸಿಹಿ, ನೆಂಟರಿಗೆ, ಮದುವೆಗೆ.

ಟಿಬೆಟಿನವರು ಉಪ್ಪಿನ ಜೊತೆ ಬೆಣ್ಣೆಯನ್ನೂ ಹಾಕುತ್ತಾರೆ. ಇಟ್ಟಿಗೆಯ ಹಾಗೆ ಒತ್ತಿದ ಟೀ ಸೊಪ್ಪು ಕುದಿಸಿ, ಉದ್ದನೆಯ ಮರದ ಕೊಳವೆಯಲ್ಲಿ ಯಾಕ್ ಬೆಣ್ಣೆ, ಉಪ್ಪಿನ ಜೊತೆ ಕಡೆಯುತ್ತಾರೆ. ಮಜ್ಜಿಗೆ ಕಡೆದ ಹಾಗೇ. ಅಷ್ಟು ಎತ್ತರದ ಚಳಿಯಲ್ಲಿ ಮೈಗೆ ಜಿಡ್ಡು ಬೇಕು. ಇದನ್ನು ನೋಡಲು ಹಿಮಾಲಯಕ್ಕೇ ಹೋಗಬೇಕಾಗಿಲ್ಲ, ನಮ್ಮ ಪಿರಿಯಾಪಟ್ಟಣದ ಹತ್ತಿರ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನವರು ನೆಲೆಸಿದ್ದಾರೆ.

ಹಾಲಿಲ್ಲದ ಟೀ ಕೊಡುತ್ತೀರಾ?

ಕೊಡುತ್ತೇನೆ, ನನಗೂ ಹಾಲು ಉಳಿತಾಯ. ಅಸ್ಸಾಮಿನ ಹುಡುಗ ಕುಡಿಯುವುದೇ ಅದು, ಕೆಂಪು ಟೀ. ಟೀ ಬೆಳೆಯುವ ಸೀಮೆಯವನು, ನಾವು ಹಾಲು ಸುರಿದು ಗಳಗಳ ಕುದಿಸುವುದನ್ನು ನೋಡಿ ಅವನಿಗೆ ಮೊದಮೊದಲು ಸಂಕಟ ಆಗುತ್ತಿತ್ತು.

ಜಗತ್ತಿನ ಅರ್ಧಕ್ಕರ್ಧ ಜನ ಹಾಲಿಲ್ಲದೇ ಕುಡಿಯುತ್ತಾರೆ. ಇರಾನಿನಲ್ಲಿ ಸಕ್ಕರೆ ಗಡ್ಡೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅದರ ಮೂಲಕ ಟೀ ಹೀರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡು ನೀರು ಕುಡಿಯುತ್ತಾರಲ್ಲ, ಹಾಗೆ. ಮೊರಾಕ್ಕೋದಲ್ಲಿ ಹಸಿರು ಟೀಗೆ ಪುದೀನ, ಕೈತುಂಬ ಸಕ್ಕರೆ, ಮೇಲೆ ಎತ್ತಿ ನೊರೆ ಬರುವ ಹಾಗೆ ಹುಯ್ಯುವುದು. ರಷ್ಯದವರು ಗಟ್ಟಿ ಡಿಕಾಕ್ಷನ್ ಇಟ್ಟುಕೊಂಡು ಸಮೋವಾರಿನ ಬಿಸಿನೀರು ಬೆರೆಸುತ್ತಾರೆ, ಪಕ್ಕದಲ್ಲಿ ಹಣ್ಣಿನ ಜಾಮು. ಇದು ನಮ್ಮ ಕಾಫಿ ಲೆಕ್ಕವೇ ಅಲ್ವಾ? ಬರ್ಮಾದವರು ಇನ್ನೊಂದು ಹೆಜ್ಜೆ ಮುಂದೆ. ಟೀ ಎಲೆಯನ್ನು ಹುಳಿ ಬರಿಸಿ, ಕಡಲೆಕಾಯಿ, ಎಳ್ಳು, ಬೆಳ್ಳುಳ್ಳಿ ಸೇರಿಸಿ ಕೋಸಂಬರಿಯ ಹಾಗೆ ತಿಂದೇಬಿಡುತ್ತಾರೆ.

ಗ್ರೀನ್ ಟೀ?

ಪೊಟ್ಟಣ ನೀವು ತನ್ನಿ, ಬಿಸಿನೀರು ನನ್ನದು. ಕುದಿಯುವ ನೀರು ಹಾಕಬೇಡಿ, ಕಹಿಯಾಗುತ್ತದೆ. ಎರಡು ನಿಮಿಷ ಆರಿಸಿ ಹಾಕಿ.

ಟೀ ನಮ್ಮ ಹಿರಿಯರ ಕಾಲದಿಂದ ಇದೆಯಾ, ಇಂಗ್ಲಿಷರು ಕಲಿಸಿದ್ದಾ?

ಅಸ್ಸಾಮಿನ ಸಿಂಗ್ಫೊ ಜನ ಇಂಗ್ಲಿಷರು ಬರುವುದಕ್ಕೂ ಮುಂಚೆಯೇ ಟೀ ಕುಡಿಯುತ್ತಿದ್ದರು. ಎಲೆಯನ್ನು ಹುರಿದು ಬಿದಿರಿನ ಕೊಳವೆಗೆ ತುರುಕಿ, ಹೊಗೆಯಲ್ಲಿ ಇಡುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಅನ್ನುವ ಸ್ಕಾಟ್ಲೆಂಡಿನವನಿಗೆ ಆ ಗಿಡದ ಸುಳಿವು ಸಿಕ್ಕಿತು. 1839ರಲ್ಲಿ ಅಸ್ಸಾಂ ಟೀ ಲಂಡನ್ನಿನಲ್ಲಿ ಹರಾಜಾಯಿತು. ಆದರೆ ಅದೆಲ್ಲ ಹಡಗು ಹತ್ತಿ ಹೋಗುವ ಸರಕು. ನಮ್ಮ ಜನಕ್ಕೆ ಅದರ ರುಚಿ ಹತ್ತಿಸಬೇಕು ಅಂತ ಟೀ ಕಂಪನಿಗಳು ಹೊರಟದ್ದು ಇಪ್ಪತ್ತನೇ ಶತಮಾನದಲ್ಲಿ. 1903ರಲ್ಲಿ ಟೀ ಮೇಲೆ ಒಂದು ಸೆಸ್ಸು ಹಾಕಿ, ಆ ದುಡ್ಡಿನಲ್ಲೇ ಪ್ರಚಾರ ಶುರುವಾಯಿತು. ರೈಲ್ವೆ ಸ್ಟೇಷನ್ನಿನಲ್ಲಿ ಬೋರ್ಡು, ಸಂತೆಯಲ್ಲಿ ಪುಕ್ಕಟೆ ಟೀ, ಕಾಸಿಗೊಂದು ಪುಟ್ಟ ಪೊಟ್ಟಣ.

ಅವರು ಹೇಳಿಕೊಟ್ಟದ್ದು ಎಲೆಗೆ ಬಿಸಿನೀರು ಹುಯ್ದು ಮುಚ್ಚಿಡಿ ಅಂತ. ನಾವು ಕಲಿತದ್ದು ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಎಲ್ಲ ಸೇರಿಸಿ ಕುದಿಸುವುದು. ಹೇಳಿದ ಹಾಗೆ ಕೇಳುವ ಜನ ನಾವಲ್ಲ. ಅದಕ್ಕೆ ಸರಿಯಾಗಿ 1930ರ ಸುಮಾರಿಗೆ ಅಸ್ಸಾಮಿನ ತೋಟವೊಂದರಲ್ಲಿ ಸಿಟಿಸಿ ಯಂತ್ರ ಬಂತು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳು ಮಾಡುವ ಯಂತ್ರ. ಆ ಕಾಳು ಬೇಗ ಬಣ್ಣ ಬಿಡುತ್ತದೆ, ಎಷ್ಟು ಹಾಲು ಹಾಕಿದರೂ ತಡೆಯುತ್ತದೆ, ಸ್ವಲ್ಪ ಪುಡಿಯಲ್ಲಿ ಜಾಸ್ತಿ ಲೋಟ. ನಿಮ್ಮ ಮನೆಯ ಡಬ್ಬಿಯಲ್ಲಿರುವುದು ಅದೇ. ಈಗ ದೇಶದಲ್ಲಿ ಬೆಳೆಯುವ ಟೀಯಲ್ಲಿ ಸುಮಾರು 80 ಶೇಕಡಾ ನಾವೇ ಕುಡಿದು ಮುಗಿಸುತ್ತೇವೆ.

ನಮ್ಮತ್ತೆಯ ಹಳ್ಳಿಗೆ ಟೀ ಬಂದದ್ದು ಅವರ ಕಣ್ಣೆದುರಿಗೇ. ಮೊದಲು ಅದು ಜ್ವರ ಬಂದವರಿಗೆ ಕೊಡುವ ಕಷಾಯದಂತೆ ಇತ್ತಂತೆ. ಇವತ್ತು ಅವರಿಗೇ ಆರೂವರೆಯ ಟೀ ಐದು ನಿಮಿಷ ತಡವಾದರೆ ತಲೆನೋವು.

ಶುಂಠಿ ಟೀ ಮಾಡಿದರೆ ಹಾಲು ಒಡೆಯುತ್ತದೆ, ಯಾಕೆ?

ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಒಂದು ಕಿಣ್ವ ಇದೆ. ಹಾಲು ಬೆಚ್ಚಗಿರುವಾಗ ಶುಂಠಿ ಜಜ್ಜಿ ಹಾಕಿದರೆ ಅದು ಕೆಲಸ ಮಾಡುತ್ತದೆ. ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಹಾಗಾಗಿ ಮೊದಲು ನೀರು, ಶುಂಠಿ, ಆಮೇಲೆ ಪುಡಿ, ಕೊನೆಗೆ ಹಾಲು. ನಾನು ಹತ್ತು ಲೋಟಕ್ಕೆ ಹಾಕುವುದು ಮುಕ್ಕಾಲು ಲೀಟರ್ ಹಾಲು, ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು, 25 ಗ್ರಾಂ ಪುಡಿ, ಹೆಬ್ಬೆರಳಷ್ಟು ಶುಂಠಿ. ಬೆಲ್ಲದ ಟೀ ಬೇಕೆಂದರೆ ಒಲೆ ಆರಿಸಿ, ಲೋಟಕ್ಕೇ ಬೆಲ್ಲ ಹಾಕಿ.

ನಾವು ಅಯ್ಯೋ ಒಡೀತು ಅಂತ ಚೆಲ್ಲುವುದನ್ನು ಚೀನಾದ ದಕ್ಷಿಣದವರು ಬೇಕಂತಲೇ ಮಾಡುತ್ತಾರೆ. ಶುಂಠಿ ರಸದ ಮೇಲೆ ಬೆಚ್ಚಗಿನ ಸಿಹಿ ಹಾಲು ಹುಯ್ದು ಅಲುಗಾಡಿಸದೆ ಇಡುತ್ತಾರೆ. ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ, ಚಮಚದಲ್ಲಿ ತಿನ್ನುತ್ತಾರೆ. ನಾನೂ ಒಂದು ಸಲ ಮಾಡಿ ನೋಡಿದೆ. ಗಿಣ್ಣಿನ ಮುಂದೆ ಏನೂ ಅಲ್ಲ.

ತಿಂಡಿ ಜೊತೆಗೇ ಟೀ ಕುಡಿಯಬಹುದಾ?

ಹುಡುಗರೆಲ್ಲ ಕುಡಿಯುತ್ತಾರೆ. ಆದರೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರದ ಸೂಚನೆಗಳಲ್ಲಿ, ಊಟ ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ, ಕಾಫಿ ಬೇಡ ಅಂತಿದೆ. ಟೀಯ ಒಗರು ಇದೆಯಲ್ಲ, ಅದು ಕಾಳು, ಸೊಪ್ಪು, ರಾಗಿಯಲ್ಲಿನ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಗಮನಿಸಲೇಬೇಕು. ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂತಲೂ ಅಲ್ಲೇ ಇದೆ. 150 ಎಂಎಲ್ ಫಿಲ್ಟರ್ ಥರದ ಕಾಫಿಯಲ್ಲಿ 80ರಿಂದ 120, ಒಂದು ಟೀಯಲ್ಲಿ 30ರಿಂದ 65. ಪರೀಕ್ಷೆ ಹೊತ್ತಿನಲ್ಲಿ ರಾತ್ರಿಯಿಡೀ ಕಾಫಿ ಕುಡಿಯುವವರು ಲೆಕ್ಕ ಹಾಕಿಕೊಳ್ಳಿ. ನಾನು ಆರೂವರೆಗೇ ಟೀ ಇಟ್ಟಿರುವುದು ಇದಕ್ಕೇ, ನೀವು ಏಳದಿದ್ದರೆ ನಾನೇನು ಮಾಡಲಿ?

ಮನೆಗೆ ಹೋದಾಗ ಟೀ ಬೇಡ ಅನ್ನುವುದು ಹೇಗೆ?

ಹೊರಗಿನ ಹುಡುಗರಿಗೆ ಇದು ದೊಡ್ಡ ಕಷ್ಟ. ಗೆಳೆಯನ ಮನೆಗೆ ಹೋಗಿ "ಬೇಡ ಆಂಟಿ" ಅಂದರೂ ಲೋಟ ಬರುತ್ತದೆ. ನಮ್ಮ ಕಡೆ ಮೊದಲ "ಬೇಡ" ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಕ್ಕೆ ಅರ್ಧ ಲೋಟ. ನಿಜವಾಗಿ ಬೇಡವಾದರೆ "ಈಗ ತಾನೇ ಕುಡಿದು ಬಂದೆ" ಅನ್ನಿ, "ಮಜ್ಜಿಗೆ ಇದ್ದರೆ ಕೊಡಿ" ಅನ್ನಿ. ಏನನ್ನೂ ಮುಟ್ಟದೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಬೇರೆ ಕಡೆ ಬಾಯಿ ಬಿಡದೆ ಹೇಳುವ ದಾರಿಗಳಿವೆ. ಟರ್ಕಿಯಲ್ಲಿ ಪುಟ್ಟ ಗಾಜಿನ ಲೋಟದ ಮೇಲೆ ಚಮಚ ಅಡ್ಡ ಇಟ್ಟರೆ ಸಾಕು ಅಂತ ಅರ್ಥ. ಅರಬ್ಬರ ಮನೆಯಲ್ಲಿ ಕಾಫಿಯ ಪುಟ್ಟ ಬಟ್ಟಲನ್ನು ಸಣ್ಣಗೆ ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ತುಂಬುತ್ತಲೇ ಇರುತ್ತಾರೆ. ಕ್ಯಾಂಟನ್ ಕಡೆಯ ಚೀನೀಯರು ಯಾರಾದರೂ ಟೀ ಹುಯ್ದರೆ ಎರಡು ಬೆರಳಿನಿಂದ ಟೇಬಲ್ ತಟ್ಟುತ್ತಾರೆ, ಅದು ಥ್ಯಾಂಕ್ಸ್. ನಮ್ಮ ಹುಡುಗರು ಇದನ್ನು ಕೇಳಿದ ದಿನದಿಂದ ಸಾಂಬಾರು ಬಡಿಸಿದಾಗಲೂ ಟೇಬಲ್ ತಟ್ಟುತ್ತಿದ್ದಾರೆ. ನಿಲ್ಲಿಸಿ ಅಂದರೆ ಕೇಳುವುದಿಲ್ಲ.

ಭಾನುವಾರ ತಿಂಡಿ ಇದೆಯಾ?

ಇದೆ, ಆದರೆ ಮಾಡುವುದು ನಾನಲ್ಲ. ಗುಲಾಬಿ ಟೀ ಆದ ಮೇಲೆ ಭಾನುವಾರದ ಒಲೆ ಹುಡುಗರ ಪಾಲಾಗಿದೆ. ಕೇರಳದವರು ಪುಟ್ಟು, ಕಡಲೆ ಮಾಡಿದರು. ಹುಬ್ಬಳ್ಳಿಯವನು ಮಂಡಕ್ಕಿ ಸುಶೀಲಾ ಮಾಡಿದ, ಖಾರ ಜಾಸ್ತಿಯಾಗಿ ಬಿಹಾರದವನಿಗೆ ಕಣ್ಣಲ್ಲಿ ನೀರು. ಈ ವಾರ ಅಸ್ಸಾಮಿನವನ ಸರದಿ, ಅವಲಕ್ಕಿಗೆ ಗಟ್ಟಿ ಮೊಸರು, ಬೆಲ್ಲ ಹಾಕಿ ಕಲಸುತ್ತಾನಂತೆ. ಅದು ನಮ್ಮ ಗೋಕುಲಾಷ್ಟಮಿಯ ಮೊಸರವಲಕ್ಕಿನೇ ಅಂತ ಅತ್ತೆ ಈಗಾಗಲೇ ತೀರ್ಪು ಕೊಟ್ಟಾಗಿದೆ, ಶುಂಠಿ, ಹಸಿಮೆಣಸಿನಕಾಯಿ ಹೆಚ್ಚಿಟ್ಟುಕೊಂಡು ಕಾಯುತ್ತಿದ್ದಾರೆ. ಬರುವವರು ಶನಿವಾರ ರಾತ್ರಿಯೊಳಗೆ ಹೇಳಿ, ಮೊಸರಿಗೆ ಹೆಪ್ಪು ಹಾಕಬೇಕು.